ಏಳನೇ ಮನೆಯ ಗೂಬೆ

ಊರಿನವರ ಗಡಿಯಾರಗಳನ್ನೆಲ್ಲ ಸರಿ ಮಾಡುವ ಮನುಷ್ಯನ ಮನೆಯಲ್ಲಿ ಒಂದು ಗಡಿಯಾರವೂ ಸರಿಯಾದ ಹೊತ್ತು ತೋರಿಸುವುದಿಲ್ಲ ಎಂಬುದು ರಿಪೇರಿ ಸಾಹೇಬರ ಹೆಂಡತಿಯ ಇಪ್ಪತ್ತೈದು ವರ್ಷದ ದೂರು. ಸಾಹೇಬರದೂ ಒಂದು ದೂರಿತ್ತು: ಈ ಮನೆಯಲ್ಲಿ ತಮ್ಮ ಮಾತನ್ನು ಪರೀಕ್ಷೆಗೆ ಕಳಿಸದೆ ಯಾರೂ ನಂಬುವುದಿಲ್ಲ. (ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ತಲೆನೋವು ಎಂದರೂ ಎಷ್ಟು ಹೊತ್ತಿನಿಂದ, ಯಾವ ಕಡೆ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿಯೇ ಮಾತ್ರೆ ಕೊಡುವಾಕೆ.)

ಹೀಗಿರುವಾಗ ಸಾಹೇಬರ ಎಂಬತ್ತು ದಾಟಿದ ಅಪ್ಪನಿಗೆ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಯಿತು. ಪಟ್ಟಿ ಬಿಚ್ಚಿದ ಕೂಡಲೇ ಏನು ನೋಡಬೇಕು ಅನ್ನಿಸುತ್ತೆ ಮಾವ ಎಂದು ಸೊಸೆ ಸುಮ್ಮನೆ ಕೇಳಿದರು. ಮುದುಕರು ಯೋಚಿಸಿ, "ನನ್ನ ಹಕ್ಕಿಗಳನ್ನ" ಎಂದರು.

ಸಾಹೇಬರ ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು.

ಹಕ್ಕಿಗಳೆಂದರೆ ಹನ್ನೆರಡು ನಾಣ್ಯಗಳು. ಯಾವುದೋ ಪುಟ್ಟ ದ್ವೀಪದವರು ಯಾವುದೋ ಕಾಲದಲ್ಲಿ ಹೊರಡಿಸಿದ್ದು, ಒಂದೊಂದರ ಮೇಲೆ ಒಂದೊಂದು ಹಕ್ಕಿ. ಅಪ್ಪ ತೂಕದ ಯಂತ್ರಗಳ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಜತೆಗಾರರೊಂದಿಗೆ ಕೊಟ್ಟು ತಂದು ಮಾಡಿ ಕೂಡಿಸಿದ ಸಂಪತ್ತು ಅದು. ಆಲ್ಬಮ್ಮಿನಲ್ಲಿ ಹನ್ನೆರಡು ದುಂಡನೆಯ ಮನೆಗಳು. ಏಳನೇ ಮನೆಯಲ್ಲಿದ್ದದ್ದು ಗೂಬೆ. ಇದ್ದದ್ದು, ಏಕೆಂದರೆ ಅದನ್ನು ಸಾಹೇಬರು ತಮ್ಮ ಹತ್ತನೇ ವಯಸ್ಸಿನಲ್ಲಿ ಕದ್ದು ಖರ್ಚು ಮಾಡಿದ್ದರು. ಯಾವುದಕ್ಕೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಅಷ್ಟು ನಾಚಿಕೆಗೇಡಿನ ಖರ್ಚು. ಅದಾದ ಮೇಲೆ ಆಲ್ಬಮ್ ಅಟ್ಟ ಸೇರಿತು. ಅಪ್ಪನಿಗೆ ಗೊತ್ತಾಗಿತ್ತೋ ಇಲ್ಲವೋ, ಗೂಬೆಯನ್ನಂತೂ ಅವರು ಯಾರ ಮೇಲೂ ಕೂರಿಸಲಿಲ್ಲ. ನಲವತ್ತೆರಡು ವರ್ಷ ಅದು ಸಾಹೇಬರ ಹೆಗಲ ಮೇಲೇ ಕೂತಿತ್ತು.

ಈಗ ಎರಡು ವಾರದೊಳಗೆ ಒಂದು ಗೂಬೆ ಬೇಕು. ಇಲ್ಲದಿದ್ದರೆ ಅಪ್ಪ ಹೊಸ ಕಣ್ಣಿನಿಂದ ಮೊಟ್ಟಮೊದಲು ನೋಡುವುದು ಮಗನ ಕಳ್ಳತನ.

ಸಾಹೇಬರು ಹೆಂಡತಿಗೆ ಅರ್ಧ ಸತ್ಯ ಹೇಳಿದರು: ನಾಣ್ಯ ಹೇಗೋ ಕಳೆದುಹೋಗಿದೆ, ಆನ್‌ಲೈನ್ ಹರಾಜಿನ ಸೈಟಿನಲ್ಲಿ ಸಿಗುತ್ತದಂತೆ. (ಮನೆ ಕಟ್ಟುವ ಸೈಟಲ್ಲ. ಆದರೆ ಇದರಲ್ಲೂ ಒತ್ತುವರಿ, ನಕಲಿ, ಒಂದನ್ನೇ ನಾಲ್ಕು ಜನಕ್ಕೆ ಮಾರುವುದು ಎಲ್ಲ ಇದೆ ಎಂದು ಆಮೇಲೆ ತಿಳಿಯಿತು.) ಹುಡುಕಿದ ಮೊದಲ ದಿನವೇ ಗೂಬೆ ಸಿಕ್ಕಿಬಿಟ್ಟಿತು, ಅದೂ ಬೇರೆಯವರು ಹೇಳುವ ಬೆಲೆಯ ಅರ್ಧಕ್ಕೆ. ಮಾರುವವನು ಬಹಳ ಒಳ್ಳೆಯವನು. ಹರಾಜು ಗಿರಾಜು ಯಾಕೆ, ದುಡ್ಡನ್ನು ನೇರವಾಗಿ ನನ್ನ ಫೋನಿಗೆ ಹಾಕಿ, ಇವತ್ತೇ ಪಾರ್ಸೆಲ್ ಮಾಡುತ್ತೇನೆ ಎಂದು ಬರೆದಿದ್ದ. ಸಾಹೇಬರ ಹೆಬ್ಬೆರಳು ಇನ್ನೇನು ಒತ್ತಬೇಕು, ಹೆಂಡತಿ ಫೋನನ್ನೇ ಕಿತ್ತುಕೊಂಡರು.

"ರೀ, ಸ್ಯಾಂಪಲ್ ನೋಡದೆ ರಿಪೋರ್ಟ್ ಬರೀತೀರಾ?"

"ಫೋಟೋ ಇದೆಯಲ್ಲೇ."

"ಒಂದು ಮಗ್ಗುಲದ್ದು. ಗೂಬೆಗೆ ಬೆನ್ನಿಲ್ವಾ?"

ಅವರೇ ಆ ಪುಣ್ಯಾತ್ಮನಿಗೆ ಬರೆದರು: ನಾಣ್ಯದ ಪಕ್ಕದಲ್ಲಿ ಇವತ್ತಿನ ತಾರೀಕು ಬರೆದ ಚೀಟಿ ಇಟ್ಟು, ಎರಡೂ ಮಗ್ಗುಲ ಫೋಟೋ ಕಳಿಸಿ. ಅವನು ಮೊದಲು ಕ್ಯಾಮೆರಾ ಕೆಟ್ಟಿದೆ ಎಂದ. ಆಮೇಲೆ ಅಜ್ಜಿ ತೀರಿಕೊಂಡರು ಎಂದ. ಮಾರನೆಯ ದಿನ ಅವನೇ ಇರಲಿಲ್ಲ. ಅದೇ ಫೋಟೋ, ಅದೇ ಮೇಜಿನ ಗೀರಿನ ಸಮೇತ, ಇನ್ನೂ ಮೂವರು ಮಾರುವವರ ಹೆಸರಿನಲ್ಲಿ ಇದ್ದುದನ್ನು ಹೆಂಡತಿ ತೋರಿಸಿದಾಗ ಸಾಹೇಬರು ಅಜ್ಜಿಗಾಗಿ ಮರುಗಿದ್ದನ್ನು ವಾಪಸ್ ಪಡೆದರು.

ಎರಡನೆಯ ಗೂಬೆಯ ಒಡೆಯರು ಯಾರೋ ನಿವೃತ್ತ ಮೇಷ್ಟ್ರು. ಅವರಿಗೆ ಸಾಹೇಬರ ಹೆಂಡತಿ ಹದಿನಾಲ್ಕು ಪ್ರಶ್ನೆ ಕಳಿಸಿದರು. ತೂಕ ಎಷ್ಟು, ತಕ್ಕಡಿಯ ಮೇಲಿಟ್ಟು ತೋರಿಸಿ. ಅಂಚು ಹೇಗಿದೆ. ಯಾರಾದರೂ ತಿಕ್ಕಿ ತೊಳೆದಿದ್ದಾರಾ. ಎಷ್ಟು ದಿನದೊಳಗೆ ವಾಪಸ್ ಕೊಡಬಹುದು. ಇದು ನಾಣ್ಯ ಕೊಳ್ಳುವುದೋ ಹೆಣ್ಣು ನೋಡುವುದೋ ಎಂದು ಸಾಹೇಬರು ಗೊಣಗಿದರು. ಹೆಣ್ಣು ನೋಡೋಕೆ ಬಂದಾಗ ನೀವು ಒಂದೂ ಪ್ರಶ್ನೆ ಕೇಳಲಿಲ್ಲ, ಅದಕ್ಕೇ ಇವತ್ತು ಅನುಭವಿಸ್ತಿದ್ದೀರಿ ಎಂಬ ಉತ್ತರ ಬಂತು. ಮೇಷ್ಟ್ರು ಮಾತ್ರ ಹದಿನಾಲ್ಕಕ್ಕೂ ಫೋಟೋ ಸಹಿತ ಉತ್ತರಿಸಿದರು. ಅವರಿಂದ ಹಿಂದೆ ಕೊಂಡವರು ಬರೆದ ಅಭಿಪ್ರಾಯಗಳನ್ನು ಹೆಂಡತಿ ಕೊನೆಯಿಂದ ಮೊದಲಿನವರೆಗೆ ಓದಿ, ನಾರ್ಮಲ್ ಎಂದು ಷರಾ ಬರೆದರು.

ಹರಾಜು ಮುಗಿಯುವುದು ಬುಧವಾರ ಮಧ್ಯಾಹ್ನ ನಾಲ್ಕಕ್ಕೆ. ಸಾಹೇಬರ ಯುದ್ಧತಂತ್ರ ಸಿದ್ಧವಾಗಿತ್ತು: ಕೊನೆಯ ಅರ್ಧ ನಿಮಿಷದವರೆಗೆ ಬೆಕ್ಕಿನಂತೆ ಸುಮ್ಮನಿದ್ದು, ಎದುರಾಳಿಗಳು ಕಣ್ಣು ಪಿಳುಕಿಸುವುದರೊಳಗೆ ಎಗರುವುದು. ಹೆಂಡತಿ ಒಪ್ಪಲಿಲ್ಲ. ತಲೆ ತಣ್ಣಗಿರುವಾಗಲೇ ಎಷ್ಟರವರೆಗೆ ಹೋಗಬಹುದು ಅಂತ ತೀರ್ಮಾನಿಸಿ, ಅದನ್ನ ಹಾಕಿಟ್ಟು ಎದ್ದುಹೋಗಬೇಕು ಎಂದರು. ಸಮಯದ ವಿಷಯದಲ್ಲಿ ನನಗೆ ಪಾಠ ಬೇಡ ಎಂದು ಸಾಹೇಬರು ಎದೆ ಸೆಟೆಸಿದರು.

ಬುಧವಾರ ಅಂಗಡಿಯ ಶಟರ್ ಅರ್ಧ ಎಳೆದು, ಗೋಡೆಯ ಮೇಲಿನ ಅತ್ಯಂತ ನಂಬಿಕಸ್ಥ ಗಡಿಯಾರದ ಕೆಳಗೆ ಕೂತರು. ಮುಳ್ಳು ಮೂರು ಐವತ್ತೊಂಬತ್ತು ದಾಟಿತು. ಉಸಿರು ಬಿಗಿಹಿಡಿದು ಒತ್ತಿದರು. ಹರಾಜು ಮುಗಿದಿದೆ ಎಂದಿತು ಫೋನು. ಮುಗಿದು ಆರು ನಿಮಿಷವಾಗಿತ್ತು. ಆ ಗಡಿಯಾರ ನಂಬಿಕಸ್ಥವೇನೋ ಹೌದು, ಆದರೆ ಅದು ರಿಪೇರಿಗೆ ಬಂದದ್ದು. ರೋಗ: ನಿಧಾನವಾಗಿ ಓಡುವುದು ಎಂದು ಸ್ವತಃ ಸಾಹೇಬರೇ ಬರೆದ ಚೀಟಿ ಅದರ ಕೆಳಗೆ ನೇತಾಡುತ್ತಿತ್ತು.

ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು. ಐವತ್ತೆರಡರ ವಯಸ್ಸಿನಲ್ಲಿ ಮತ್ತೆ ಹತ್ತರ ಹುಡುಗನಾದರು. ಆಮೇಲೆ ಫೋನಿನಲ್ಲಿ ಎರಡನೆಯ ಸಾಲು ಕಂಡಿತು: ಅಭಿನಂದನೆಗಳು, ನೀವು ಗೆದ್ದಿದ್ದೀರಿ. ಹೆಂಡತಿ ಲ್ಯಾಬಿನ ಊಟದ ಬಿಡುವಿನಲ್ಲಿ ಇವರದೇ ಖಾತೆಯೊಳಗೆ ಹೋಗಿ, ಮಿತಿ ಹಾಕಿಟ್ಟು, ಕೈತೊಳೆದು ಕೆಲಸಕ್ಕೆ ಎದ್ದುಹೋಗಿದ್ದರು. ಆ ಸಂಜೆ ಸಾಹೇಬರು ಯಾರೂ ಹೇಳದೆ ಪಾತ್ರೆ ತೊಳೆದರು. ಹೆಂಡತಿ ಜ್ವರವಿದೆಯಾ ಎಂದು ಹಣೆ ಮುಟ್ಟಿ ನೋಡಿದರು.

ಪಾರ್ಸೆಲ್ ಬಂದಾಗ ಅದನ್ನು ಬಿಚ್ಚುವುದರ ವಿಡಿಯೋ ಆಯಿತು, ಲ್ಯಾಬಿನ ತಕ್ಕಡಿಯಲ್ಲಿ ತೂಕವಾಯಿತು, ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಗರಿ ಗರಿ ಎಣಿಸಿದರು. ಅಸಲಿ ಗೂಬೆ. ಏಳನೇ ಮನೆಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

ಶುಕ್ರವಾರ ಅಪ್ಪನ ಪಟ್ಟಿ ಬಿಚ್ಚಿದರು. ಮನೆಗೆ ಬಂದವರೇ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಆಲ್ಬಮ್ ತೆರೆದರು. ಒಂದೊಂದೇ ಮನೆಯ ಮೇಲೆ ಬೆರಳು ಸರಿಯಿತು. ಏಳರಲ್ಲಿ ನಿಂತಿತು.

"ಇದೆಲ್ಲಿಂದ ಬಂತೋ?"

ಇಲ್ಲೇ ಇತ್ತಲ್ಲಪ್ಪ ಎನ್ನಲು ಸಾಹೇಬರು ಬಾಯಿ ತೆರೆದರು. ಅಪ್ಪ ತಲೆಯೆತ್ತಿ ನೋಡಿದರು. ಎಷ್ಟೋ ಕಾಲದ ಮೇಲೆ ಆ ಕಣ್ಣುಗಳಲ್ಲಿ ಮಂಜಿರಲಿಲ್ಲ. ಸಾಹೇಬರ ಬಾಯಿಂದ ಬೇರೆಯೇ ಮಾತು ಹೊರಟಿತು.

"ಹಳೇದನ್ನ ನಾನು ಕದ್ದಿದ್ದೆ ಅಪ್ಪ. ಸಿನಿಮಾ ಮಂದಿರದ ಮುಂದೆ ತೂಕದ ಮೆಷಿನ್ ಇತ್ತಲ್ಲ, ಅದಕ್ಕೆ ಹಾಕಿಬಿಟ್ಟೆ. ಚೀಟಿಯ ಹಿಂದೆ ಭವಿಷ್ಯ ಬರುತ್ತಲ್ಲ, ಅದರ ಆಸೆಗೆ. ಇದು ಹೊಸದಾಗಿ ಕೊಂಡಿದ್ದು."

ಮುದುಕರು ಪಕ್ಕದ ಮಂಚಕ್ಕೆ ಕೈಚಾಚಿ, ದಿಂಬಿನ ಕೆಳಗಿನಿಂದ ಕನ್ನಡಕದ ಡಬ್ಬಿ ತೆಗೆದರು. ಒಳಗಿನ ಬಟ್ಟೆ ಎತ್ತಿದರು. ಅಡಿಯಲ್ಲಿ ಕಪ್ಪಗಾದ, ಸವೆದ, ಹಳೆಯ ಗೂಬೆ. ಆ ಡಬ್ಬಿಯನ್ನು ಸಾಹೇಬರೇ ದಿನವೂ ಅಪ್ಪನ ಕೈಗೆ ಎತ್ತಿಕೊಡುತ್ತಿದ್ದರು.

"ಆ ಮೆಷಿನ್ನಿನ ಹೊಟ್ಟೆ ಪ್ರತಿ ಶನಿವಾರ ತೆಗೀತಿದ್ದವನು ಯಾರು ಅಂದುಕೊಂಡಿದ್ದೆ?"

"ನೀವು ಸ್ಕ್ರೂ ಬಿಗಿಯೋರು ಅಂತ..."

"ಬೀಗದ ಕೈ ನನ್ನ ಹತ್ತಿರಾನೇ ಇತ್ತು ಕಣೋ. ನೀನಾಗೇ ಹೇಳ್ತೀಯ ಅಂತ ಕಾದೆ. ಒಂದು ವಾರ ಆಗಬಹುದು ಅಂದುಕೊಂಡೆ. ಆಮೇಲೆ ಕಾಯೋದು ಅಭ್ಯಾಸ ಆಯ್ತು."

ಸೊಸೆ ಮೆಲ್ಲಗೆ, ಮೇಷ್ಟ್ರಿಗೆ ಹದಿನಾಲ್ಕು ಪ್ರಶ್ನೆ ಕೇಳಿದ್ವಿ, ಪಕ್ಕದ ಕೋಣೆಯಲ್ಲಿದ್ದ ಮಾವನಿಗೆ ಒಂದೇ ಒಂದು ಕೇಳಿದ್ದರೆ ಸಾಕಿತ್ತು ಎಂದರು.

"ಅದಿರಲಿ," ಎಂದರು ಅಪ್ಪ, "ಚೀಟಿಯಲ್ಲಿ ಏನು ಬಂತು?"

ಸಾಹೇಬರು ನೆಲ ನೋಡುತ್ತ ಹೇಳಿದರು. "ನೀವು ಪರಮ ಪ್ರಾಮಾಣಿಕರು. ಎಲ್ಲರ ವಿಶ್ವಾಸಕ್ಕೆ ಪಾತ್ರರಾಗುವಿರಿ."

ಮುದುಕರು ನಗತೊಡಗಿದರು. ಕಣ್ಣಿಗೆ ಆಯಾಸ ಮಾಡಬಾರದು ಎಂದು ಸೊಸೆ ಗದರಿದರೂ ನಿಲ್ಲಲಿಲ್ಲ. "ಆ ಚೀಟಿ ತುಂಬ್ತಿದ್ದವನೂ ನಾನೇ. ಆ ತಿಂಗಳು ಪ್ರೆಸ್ಸಿನವರು ತಪ್ಪು ಮಾಡಿ ಎಲ್ಲಾ ಚೀಟಿಗೂ ಅದನ್ನೇ ಹೊಡೆದಿದ್ದರು."

ಹೊಸ ಗೂಬೆಯನ್ನು ಏಳು ದಿನದೊಳಗೆ ವಾಪಸ್ ಕಳಿಸಬಹುದಿತ್ತು. ಅಪ್ಪ ಬೇಡವೆಂದರು. ಹೆದರಿ ತಂದದ್ದು ಮನೆಯಲ್ಲೇ ಇರಲಿ ಎಂದು ಅದನ್ನು ಆಲ್ಬಮ್ಮಿನಲ್ಲೇ ಬಿಟ್ಟು, ಹಳೆಯದನ್ನು ಮಗನ ಜೇಬಿಗೆ ಹಾಕಿದರು. ನಲವತ್ತೆರಡು ವರ್ಷ ಕಾದು ಸರಕು ಹಿಂತಿರುಗಿಸುವ ಅಂಗಡಿ ಯಾವ ಸೈಟಿನಲ್ಲೂ ಇಲ್ಲ ಎಂದುಕೊಂಡು ಸಾಹೇಬರು ಜೇಬು ಮುಟ್ಟಿ ನೋಡಿಕೊಂಡರು.

ಸಂಜೆ ಹೆಂಡತಿ ನೆನಪಿಸಿದರು: ಮೇಷ್ಟ್ರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕು, ಮುಂದೆ ಕೊಳ್ಳುವವರಿಗೆ ಅನುಕೂಲ. ಸಾಹೇಬರು ಐದು ನಕ್ಷತ್ರ ಒತ್ತಿ, ಬಹಳ ಹೊತ್ತು ಯೋಚಿಸಿ ಬರೆದರು: "ನಾಣ್ಯ ಹೇಳಿದಂತೆಯೇ ಇತ್ತು. ಕೊಂಡವನು ಮಾತ್ರ ಚೀಟಿಯಲ್ಲಿ ಹೇಳಿದಂತಿರಲಿಲ್ಲ."