ಒಬ್ಬ ರೈತನಾದರೂ ನನ್ನ ಮಾತು ಕೇಳಲಿ

ಬಳ್ಳಾರಿ ಜಿಲ್ಲೆಯಲ್ಲಿ ಇವತ್ತು ವಿಷವಿಲ್ಲದ ಬೆಳೆ ತೆಗೆಯುತ್ತಿರುವ ರೈತರೆಲ್ಲ ನನ್ನ ಶಿಷ್ಯರೇ!

ಸುಳ್ಳು. ಶುದ್ಧ ಸುಳ್ಳು. ಚಹಾ ಕುಡಿಯುತ್ತಾ ನಿಜ ಕೇಳಿ. ನಮ್ಮ ಮನೆಯ ಮಾಳಿಗೆ ಮೇಲಿನ ಟೊಮೇಟೊ ಗಿಡ ಕೂಡ ನನ್ನ ಮಾತು ಕೇಳಿ ಹೂ ಬಿಟ್ಟಿಲ್ಲ. ಆದರೂ ಊರೂರು ತಿರುಗಿ ರೈತರಿಗೆ ಸುಸ್ಥಿರ ಕೃಷಿ ಕಲಿಸುವುದೇ ನನ್ನ ಹೊಟ್ಟೆಪಾಡು. ಕಲಿಸಲು ಹೋದವನಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ಈ ಹಂಗಾಮಿನಲ್ಲಿ ಮಾತ್ರ ಒಂದರ ಬೆನ್ನಿಗೆ ಒಂದು ಆದವು. ಯಾಕೆಂದರೆ ಬಳ್ಳಾರಿ ಕಚೇರಿಯ ನಮ್ಮ ಮೇಡಂ ಕರೆದು ಹೇಳಿಬಿಟ್ಟಿದ್ದರು: “ನೀವು ಕಲಿಸಿದ್ದನ್ನ ಒಬ್ಬ ರೈತನಾದ್ರೂ ಮಾಡಿದ್ದು ತೋರಿಸ್ರಿ. ಇಲ್ಲಾಂದ್ರ ನಿಮ್ಮ ಜಾಗಕ್ಕ ಬ್ಯಾರೆಯವರನ್ನ ನೋಡ್ತೀನಿ.”

ಒಬ್ಬನೇ ಒಬ್ಬ! ಅದೇನು ಮಹಾ, ಅಂದುಕೊಂಡು ಹೊರಟೆ.

ಕುಡಿದು ತೋರಿಸಿದ್ದು

ಮೊದಲು ಕುರುಗೋಡು. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಡ್ರಮ್ಮಿನಲ್ಲಿ ಕೊಳೆಸಿದ ಜೀವಾಮೃತ ಎಂಬ ಗೊಬ್ಬರವನ್ನು ಒಬ್ಬ ರೈತನ ಮನೆಯಂಗಳದಲ್ಲಿ ತೋರಿಸುವ ದಿನ. ಬರೀ ಮಾತಿಗೆ ಯಾರು ನಂಬುತ್ತಾರೆ? ಅದಕ್ಕೆ ನಾನೊಂದು ಕಿತಾಪತಿ ಹೂಡಿದ್ದೆ. ಒಂದು ಚಂಬಿನಲ್ಲಿ ಅದೇ ಬಣ್ಣದ ಬೆಲ್ಲದ ಪಾನಕ ತುಂಬಿ ಡ್ರಮ್ಮಿನ ಪಕ್ಕ ಇಟ್ಟಿದ್ದೆ.

“ಇದರಾಗ ವಿಷ ಇಲ್ಲ. ಬೇಕಾದ್ರ ಈ ಚಂಬು ನಾನ ಕುಡೀತೀನಿ!” ಎಂದು ಸಾರಿ, ದೊಡ್ಡದೊಂದು ಭಾಷಣ ಬಿಗಿದು, ಚಂಬೆತ್ತಿ ಗಟಗಟ ಎರಡು ಗುಟುಕು ಇಳಿಸಿದೆ. ಮೂರನೆಯದು ಇಳಿಯಲಿಲ್ಲ. ಕಣ್ಣಲ್ಲಿ ನೀರು, ಕಿವಿಯಲ್ಲಿ ಗುಂಯ್!

ಆ ಮನೆಯ ಅಕ್ಕ ಹೆಮ್ಮೆಯಿಂದ ಹೇಳಿದಳು, “ಚಂಬಿನಾಗಿಂದು ನೀರು ನೀರಾಗಿತ್ತು ಸಾಹೇಬ್ರ. ಚೆಲ್ಲಿ, ಡ್ರಮ್ಮಿನ ತಳದಾಗಿಂದು ದಪ್ಪಂದು ತುಂಬಿಸೀನಿ.”

ನಾನು ಗೋಡೆ ಹಿಡಿದು ಒದ್ದಾಡುತ್ತಿದ್ದರೆ ಮುಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ರುಮಾಲು ಸರಿಮಾಡಿಕೊಂಡರು. “ವಿಷ ಅಲ್ಲ ಅಂತ ನಂಬಿದ್ವಿ ಬಿಡ್ರಿ. ಆದ್ರ ಗಿಡನೂ ಹಿಂಗ ಒದ್ದಾಡಾಕ ಹತ್ತಿದ್ರ ನಾವು ಯಾರ್ನ ಕೇಳೋಣ?”

ಕುರುಗೋಡು ಕೈಬಿಟ್ಟಿತು.

ಒಗ್ಗರಣೆ ಹುಳ

ಮುಂದಿನ ಪಾಳಿ ತೆಕ್ಕಲಕೋಟೆಯದು. ಹೆಣ್ಣುಮಕ್ಕಳ ಸಂಘಕ್ಕೆ ಎರೆಹುಳ ಗೊಬ್ಬರದ ಪಾಠ. ಆ ದಿನ ನನ್ನ ಹತ್ತಿರ ಎರಡು ಸ್ಟೀಲ್ ಡಬ್ಬಿ. ಒಂದರಲ್ಲಿ ಹುಳ, ಇನ್ನೊಂದರಲ್ಲಿ ನನ್ನ ಹೆಂಡತಿ ಕಟ್ಟಿದ ಊಟ. ಊಟಕ್ಕೆ ವಾಪಸ್ ಬಂದೇ ಬರುತ್ತೇನೆಂದು ಊಟದ ಡಬ್ಬಿ ಕಚೇರಿಯಲ್ಲಿ ಬಿಟ್ಟು ಹೋಗಿದ್ದೆ.

ಸಂಘದವರ ಮುಂದೆ ಡಬ್ಬಿ ಚಾಚಿ, ಮುಚ್ಚಳ ತೆಗೆದು, ಒಳಗೆ ನೋಡದೆಯೇ ಶುರುಮಾಡಿದೆ. “ಹೆದರಬ್ಯಾಡ್ರಿ ತಾಯೇರ, ಮುಟ್ಟಿ ನೋಡ್ರಿ. ಇವು ರೈತರ ಮಿತ್ರರು. ಹಗಲೂ ರಾತ್ರಿ ನಿಮ್ಮ ಹೊಲದಾಗ ದುಡೀತಾವ.”

ಒಬ್ಬರ ಹಿಂದೆ ಒಬ್ಬರು ಡಬ್ಬಿಯೊಳಗೆ ಇಣುಕಿದರು. ಕೊನೆಗೆ ಒಬ್ಬ ಅಜ್ಜಿ ಬಗ್ಗಿ ಮೂಸಿ ನೋಡಿದಳು. “ಓರಿ ದೇವುಡಾ! ಕರಿಬೇವಿನ ಒಗ್ಗರಣಿ ಕೊಟ್ಟ ಹುಳ ಇವತ್ತ ನೋಡಿದ್ದು!”

ಶಾವಿಗೆ ಉಪ್ಪಿಟ್ಟು.

ಎಲ್ಲರೂ ಸೆರಗು ಬಾಯಿಗಿಟ್ಟು ನಗುತ್ತಿರುವಾಗಲೇ ನನಗೆ ಕಚೇರಿಯಲ್ಲಿ ಬಿಟ್ಟ ಡಬ್ಬಿ ನೆನಪಾಯಿತು. ನಮ್ಮ ಕಚೇರಿಯಲ್ಲಿ ಡಬ್ಬಿಗಳನ್ನು ಹಂಚಿಕೊಂಡು ತಿನ್ನುವ ರೂಢಿ. ಮೊದಲು ತೆಗೆಯುವವರು ಮೇಡಂ. ಫೋನ್ ಬಂದೇ ಬಂತು.

“ನಿಮ್ಮ ಡಬ್ಬಿ ತಗದೆ,” ಎಂದರು ಮೇಡಂ. “ನಾಳೇನ ಆ ಒಬ್ಬ ರೈತನ ಹೊಲ ತೋರಿಸ್ರಿ. ನಾಳೇನ!”

ಹೊಲದಲ್ಲಿ ನಾನು

ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಆ ಸಂಜೆ ಸಿರಿಗೇರಿಯ ರೈತನೊಬ್ಬನ ಫೋನ್. “ಸಾರ್, ಈ ಸಲ ನಿಮ್ಮಿಂದ ಮೆಕ್ಕೆಜೋಳ ಉಳೀತು. ಒಮ್ಮೆ ಬಂದು ನೋಡ್ರಿ.” ಹೇಗೆ ಉಳಿಯಿತು ಎಂದು ಕೇಳಬೇಕಿತ್ತು. ಖುಷಿಯಲ್ಲಿ ಯಾರು ಕೇಳುತ್ತಾರೆ?

ಮರುದಿನ ಜೀಪಿನಲ್ಲಿ ದಾರಿಯುದ್ದಕ್ಕೂ ಕೊಚ್ಚಿಕೊಂಡೆ. “ನೋಡ್ತಿರ್ರಿ ಮೇಡಂ, ಜೀವಾಮೃತ, ಮಣ್ಣಿಗೆ ಸೊಪ್ಪಿನ ಹೊದಿಕೆ, ಎಲ್ಲಾ ನಾನ ಕಲಿಸಿದ್ದು.” ಹೊಲ ನೋಡಿದರೆ ತೆನೆ ತುಂಬಿ ನಿಂತಿದೆ. ನಟ್ಟನಡುವೆ ಎರಡು ಗೂಟಕ್ಕೆ ಕಟ್ಟಿದ, ಹಿಂದೊಮ್ಮೆ ಆ ಊರಲ್ಲೇ ಬಿಟ್ಟುಬಂದಿದ್ದ ನಮ್ಮ ತರಬೇತಿಯ ಬ್ಯಾನರ್. ಅದರಲ್ಲಿ ಪಕ್ಕದ ಆಕಳ ಚಿತ್ರಕ್ಕಿಂತ ದೊಡ್ಡದಾಗಿ ನಾನು, ಕೈಮುಗಿದು, ಹಲ್ಲು ಕಿಸಿದು.

ಮೇಡಂ ಕರಗಿದರು. “ಎಷ್ಟು ಅಭಿಮಾನ ನೋಡ್ರಿ! ಏನೇನು ಅಳವಡಿಸೀರಿ?”

“ಇವರು ಹೇಳಿದ್ದು ಒಂದೂ ಮಾಡಿಲ್ರಿ,” ಎಂದ ರೈತ, ಪ್ರಾಮಾಣಿಕವಾಗಿ.

ನನ್ನ ನೌಕರಿ ಅಲ್ಲೇ ಬದುವಿನ ಮೇಲೆ ಸತ್ತು ಬಿತ್ತು. ಆಗ ಅವನ ಹೆಂಡತಿ ಮುಂದೆ ಬಂದಳು.

“ಬೆಳಿಗೆ ಕಣ್ಣಾಗಬಾರದಂತ ಸುಣ್ಣ ಬಳದ ಗಡಿಗಿ ಇಟ್ಟಿದ್ವಿ ಅಕ್ಕಾರ. ಹಂದಿ ಬಂದು ಅದನ್ನೂ ಉಳ್ಳಾಡಿಸಿ ಹೋದ್ವು. ಹ್ವಾದ ವರ್ಷ ವಿಷದ ಕಾಳು ಚೆಲ್ಲಿದ್ವಿ, ನಮ್ಮ ಕೋಳಿನ ಸತ್ವು. ಈ ಸಲ ಈ ಸಾಹೇಬರ ಫೋಟೋ ಕಟ್ಟಿದ್ವಿ ನೋಡ್ರಿ, ಒಂದು ಹಂದಿ ಈ ಕಡಿ ಹಾಯ್ದಿಲ್ಲ. ಮತ್ತ್ಯಾಕ ವಿಷ?”

ಮೇಡಂ ಫೋಟೋ ನೋಡಿದರು. ನನ್ನ ನೋಡಿದರು. ಮತ್ತೆ ಫೋಟೋ ನೋಡಿದರು.

“ವಿಷ ಇಲ್ಲ, ಖರ್ಚಿಲ್ಲ, ಮಳಿಗೂ ಹಾಳಾಗಂಗಿಲ್ಲ,” ಎಂದರು ನಿಧಾನವಾಗಿ. “ಇದ ಅಲ್ಲೇನು ಸುಸ್ಥಿರ ಕೃಷಿ? ಇದನ್ನ ಎಲ್ಲಾ ಊರಿಗೂ ಮಾಡಿಸೋಣ.”

ನೌಕರಿ ಉಳಿಯಿತು! ಆದರೂ ನನಗೂ ಒಂದಿಷ್ಟು ಮರ್ಯಾದೆ ಬೇಡವೇ? “ಹೊಸ ಬ್ಯಾನರಿಗೆ ನಗದೇ ಇರೋ ಗಂಭೀರ ಫೋಟೋ ಕೊಡ್ತೀನಿ ಮೇಡಂ,” ಎಂದೆ.

ರೈತನ ಹೆಂಡತಿ ಗಾಬರಿಯಾದಳು. “ಬ್ಯಾಡ್ರಿ ಸಾಹೇಬ್ರ! ನಗೋದ ಇರ್ಲಿ. ಹಂದಿ ಹೆದರೋದ ಅದಕ್ಕ!”

ಈಗ ಸಿರುಗುಪ್ಪ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, ಎರಡೂ ಕಡೆ ಹೊಲಗಳಲ್ಲಿ ನಾನೇ ನಗುತ್ತಿರುತ್ತೇನೆ. ಸರಿ, ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ನಾನು ಗಲ್ಲಾ ಹತ್ತಿರ ಹೋಗಿ ನಕ್ಕರೆ, ಪಾಪ, ಹೋಟೆಲಿನವನಿಗೆ ಸಂಜೆತನಕ ಗಿರಾಕಿ ಬರುವುದಿಲ್ಲ.