ರೈಟ್ ಕ್ಲಿಕ್ಕಿಗೆ ಸಿಕ್ಕ ಅಳಿಯ

ಕಂಪ್ಯೂಟರಿನ ಪರದೆಯ ಮೇಲೆ ಒಂದು ಕುಟುಂಬ ನಿಂತಿತ್ತು. ಹಿಂದೆ ಮಧುಗಿರಿಯ ಬೆಟ್ಟ, ಎಳೆಬಿಸಿಲನ್ನು ಹೆಗಲಿಗೆ ಹೊದ್ದು ಕುಳಿತ ಹಿರಿಯನಂತೆ. ಮುಂದೆ ಕುರ್ಚಿಯಲ್ಲಿ ಕದರಮ್ಮ, ಮಡಿಲಲ್ಲಿ ಮೊಮ್ಮಗು. ಗಾಳಿಗೆದ್ದ ಮಗಳ ಸೆರಗು ಇಳಿಯುವುದನ್ನು ಮರೆತು ನಿಂತಿದೆ. ತುದಿಯಲ್ಲಿ, ಎಲ್ಲರಿಂದ ಮೊಳದಷ್ಟು ದೂರದಲ್ಲಿ, ಗುಂಗುರು ಕೂದಲು, ಕಪ್ಪು ಕನ್ನಡಕ, ಪೊದೆಮೀಸೆಯ ಪಾವಗಡದ ಅಳಿಯ.

ಅವನನ್ನು ಚಿತ್ರದಿಂದ ತೆಗೆಯಬೇಕಿತ್ತು. ಯುಗಾದಿಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ಎಲೆ ಬಿಟ್ಟೆದ್ದವನು ನಾಳೆ ಗೃಹಪ್ರವೇಶವಾಗುವ ಹೊಸ ಮನೆಯ ಗೋಡೆಯ ಮೇಲಿರಕೂಡದೆಂದು ಕದರಮ್ಮನ ಅಪ್ಪಣೆ. ಸಂಜೆಯೊಳಗೆ ಕೊಟ್ಟರೆ ಮಗನ ಮದುವೆಯ ಫೋಟೋ ಕೆಲಸವೂ ಸ್ಟುಡಿಯೋದ ನರಸಿಂಹರಾಜುವಿಗೇ.

ಆದರೆ ತಂತ್ರಾಂಶ ಹೊಸದು. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಏನೇನು ಮಾಡಬಹುದೆಂಬ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಇಲ್ಲವೇ ಖಾಲಿ ಪೆಟ್ಟಿಗೆಯೊಂದರಲ್ಲಿ ಬೇಕಾದ ಆಜ್ಞೆಯನ್ನು ಬರೆಯಬೇಕಿತ್ತು.

“ಪಟ್ಟೀನೇ ವಾಸಿ ಕಣ್ಲಾ ರಾಜ,” ಎಂದರು ಪಕ್ಕದ ಹೋಟೆಲಿನ ಸಿದ್ದಗಂಗಯ್ಯ. “ನಮ್ ಸಪ್ಲೈಯರ್ ಇಡ್ಲಿ, ವಡೆ, ದೋಸೆ ಅಂತ ಒದರ್ತಾನಲ್ಲ, ಅಂಗೆ. ಇರೋದ್ರಾಗೆ ಒಂದು ಆರಿಸ್ಕೊ.”

ಪಾಸ್‌ಪೋರ್ಟ್ ಸೈಜಿನ ಫೋಟೋಗೆಂದು ಕಾಯುತ್ತಿದ್ದ ಗಿರಾಕಿಯೊಬ್ಬ ಟೋಪಿ ತೆಗೆದ. ತಿರುಪತಿಯಲ್ಲಿ ಮುಡಿ ಕೊಟ್ಟ ತಲೆ ಬೆಣ್ಣೆ ಸವರಿದ ಗಡಿಗೆಯಂತೆ ಹೊಳೆಯಿತು; ಮೀಸೆಯೂ ಉಳಿದಿರಲಿಲ್ಲ. “ಬೇಕಾದ್ದನ್ನ ಬಾಯ್ಬುಟ್ಟು ಕೇಳ್ಬೇಕು ಸಾಮಿ. ಪೆಟ್ಟಿಗೇಲಿ ಬರೀರಿ.”

ರಾಜು ಪಟ್ಟಿಯನ್ನೇ ನಂಬಿ ಅಳಿಯನ ಮೇಲೆ ರೈಟ್ ಕ್ಲಿಕ್ ಮಾಡಿದ. ಪಟ್ಟಿ ಮಾರುದ್ದ; ಕೈ ಜಾರಿ ‘ಅಳಿಸು’ವಿನ ಕೆಳಗಿನ ‘ನಕಲಿಸು’ವನ್ನು ಒತ್ತಿತು. ಒಬ್ಬನನ್ನೇ ಸಹಿಸದ ಮನೆಯಲ್ಲಿ ಇಬ್ಬರು ಅಳಿಯಂದಿರು ನಿಂತರು.

“ಇನ್ನೊಂದು ಡಬ್ಬ ತುಪ್ಪ ಕಾಯಿಸ್ಬೇಕಲ್ಲೋ!” ಸಿದ್ದಗಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿಯ ಕಿವಿ ಏಕೋ ಕೆಂಪಾಯಿತು.

ರಾಜು ಪೆಟ್ಟಿಗೆಗೆ ಶರಣಾದ. ‘ಅಳಿಸು’ ಎಂದು ಬರೆಯುತ್ತಲೇ ಅದು ‘ಹಿನ್ನೆಲೆ ಅಳಿಸು’ ಎಂದು ಸೂಚಿಸಿತು. ಅವಸರದಲ್ಲಿ ಎಂಟರ್ ಒತ್ತಿದ. ಬೆಟ್ಟ ಮಾಯ.

“ಲೇ, ಊರಿನ ಬೆಟ್ಟಾನೇ ಕಿತ್ತಾಕ್ಬುಟ್ಯಲ್ಲೋ!” ಎಂದರು ಸಿದ್ದಗಂಗಯ್ಯ.

“ವಸಿ ಜರುಗಿ,” ಎಂದು ಗಿರಾಕಿಯೇ ಎದ್ದ. ಬೆಟ್ಟವನ್ನು ಸ್ವಸ್ಥಾನಕ್ಕೆ ಮರಳಿಸಿ, ಇಬ್ಬರು ಅಳಿಯಂದಿರ ಸುತ್ತ ಗೆರೆಯೆಳೆದು, ‘ಆಯ್ದವರನ್ನು ಅಳಿಸು’ ಎಂದು ಬರೆದ. ಅವರಿದ್ದಲ್ಲಿ ಬರಿಯ ಬಿಸಿಲು ಉಳಿಯಿತು. ರಾಜು ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಉಳಿಸಿ, ಮುದ್ರಿಸಿ, ನೆಮ್ಮದಿಯಿಂದ ಎಲ್ಲವನ್ನೂ ಮುಚ್ಚಿದ.

ಆಗ ಕದರಮ್ಮ ಏದುಸಿರು ಬಿಡುತ್ತ ಬಂದರು. “ರಾಜಣ್ಣ, ಫೋಟೋ ಮುಟ್ಬೇಡ ಕಣಪ್ಪ! ಬೆಳಗ್ಗೆ ಅಳಿಯಂದ್ರು ಬಂದು ರಾಜಿಯಾಗವ್ರೆ…” ಗಿರಾಕಿಯನ್ನು ಕಂಡು ಸೆರಗು ಸರಿಪಡಿಸಿಕೊಂಡರು. “ಅಳಿಯಂದ್ರೇ, ನೀವು ಇಲ್ಲೇ ಇದ್ದೀರಾ?”

ರಾಜು ಕಂಪ್ಯೂಟರಿನತ್ತ ತಿರುಗಿದ. ಚಿತ್ರ ತೆರೆದು ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿದ, ಪಟ್ಟಿಯಲ್ಲಿ ಉಪಾಯವಿರಲಿಲ್ಲ. ‘ಅಳಿಯನನ್ನು ಮರಳಿ ತಾ’ ಎಂದು ಬರೆದ; ಅಂಥ ಆಜ್ಞೆಯಿಲ್ಲವೆಂದಿತು ಪೆಟ್ಟಿಗೆ.

“ಹೊಸದಾಗಿ ತೆಗೀತೀನಿ ಕಣಮ್ಮ…”

“ಬೋಳುತಲೆ ಅಳಿಯನ್ನ ಹೊಸ ಮನೆ ಗೋಡೆಗೆ ಆಕಾಕಾಯ್ತದಾ? ಮದ್ವೆ ಫೋಟೋ ಬ್ಯಾರೇರು ತೆಗೀತಾರೆ ಬುಡು!”

“ಓಗ್ಲಿ ಬುಡಿ ಅತ್ತೆ,” ಅಳಿಯ ನಕ್ಕ. “ಆ ತುಪ್ಪದ ಕೋಪಿಷ್ಠನ್ನ ಅಳಿಸಿದ್ದು ನಾನೇಯ. ಗೋಡೆ ಮ್ಯಾಲೆ ಅವ್ನಿದ್ದಿದ್ರೆ ದಿನಾ ನಂಗೇ ನಾಚ್ಕೆ. ಮನೆ ಒಳಗೆ ನಾನಿರ್ತೀನಲ್ಲ, ನಡೀರಿ.”

“ಸಾರ್, ನಿಮ್ ಪಾಸ್‌ಪೋರ್ಟ್ ಫೋಟೋ?” ರಾಜು ಕೊನೆಯ ಆಸೆಯಿಂದ ಕೇಳಿದ.

“ಅತ್ತೆ ಹೇಳಿದ್ದೇ ಸರಿ. ಕೂದ್ಲು ಬೆಳೀಲಿ, ಆಮ್ಯಾಕೆ ನೋಡಾನ.”

ಅವನು ಟೋಪಿ ಇಟ್ಟುಕೊಂಡು, ಅತ್ತೆಯನ್ನು ಮುಂದೆ ಬಿಟ್ಟು, ತೃಪ್ತನಾಗಿ ಹೊರನಡೆದ. ಹಿಂದೆ ಸ್ಟುಡಿಯೋದ ಗಾಜಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.