ಒಬ್ಬಳಿಗೇ ಸಾಕಾಗುವ ವ್ಯಾನು

ಟೆಲಿಫೋನ್ ಕಚೇರಿಯಲ್ಲಿ ಕೂತು ವರ್ಷಾನುಗಟ್ಟಲೆ ಊರಿನವರ ಗುಟ್ಟು ಕಾಪಾಡಿದ್ದ ನೆವ್ಯಾನಾ, ತನ್ನ ಸ್ವಂತ ಗುಟ್ಟನ್ನು ಮಾತ್ರ ಅಡುಗೆಮನೆಯ ಕಿಟಕಿ ತೆರೆದಿಟ್ಟು ಆಡಿಬಿಟ್ಟಳು. "ಹೂಂ, ಆ ಹಳೇ ಕ್ಯಾಂಪರ್ ವ್ಯಾನು ನಾನೇ ತಗೋತೀನಿ. ಶನಿವಾರ ಬರ್ತೀನಿ, ಅಲ್ಲಿಂದ್ಲೇ ಒಂದು ವಾರ ಸಮುದ್ರಕ್ಕೆ ಹೊರಡ್ತೀನಿ" ಎಂದು ಫೋನಿನಲ್ಲಿ ಹೇಳಿದಳಷ್ಟೆ. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಸ್ಲಾವ್ಕಾಳ ಕೈ ಗಾಳಿಯಲ್ಲೇ ನಿಂತಿತು.

ಶನಿವಾರ ಬೆಳಿಗ್ಗೆ ನೆವ್ಯಾನಾ ಹೊರಬಂದಾಗ ಕಟ್ಟಡದ ಬಾಗಿಲಲ್ಲಿ ಮೂವರು ನೆರೆಯವರು ಮದುವೆಗೆ ಹೊರಟವರಂತೆ ಸಜ್ಜಾಗಿದ್ದರು. ಸ್ಲಾವ್ಕಾಳ ಕೈಯಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ. ನಿವೃತ್ತ ಬಸ್ ಡ್ರೈವರ್ ಗೆಂಚೊನ ಕೈಯಲ್ಲಿ ಟಾರ್ಚು. ಯೋರ್ದಾ ಅಜ್ಜಿಯ ಕೈಯಲ್ಲಿ ನೀರು ತುಂಬಿದ ತಾಮ್ರದ ತಂಬಿಗೆ.

"ಒಬ್ಳೇ ಹೋಗಿ ಮೋಸ ಹೋಗೋಕೆ ನಾವೇನು ಸತ್ತಿದ್ದೀವಾ?" ಎಂದ ಗೆಂಚೊ ತನ್ನ ಕಾರಿನ ಬಾಗಿಲು ತೆರೆದ.

ನೆವ್ಯಾನಾಗೆ ಮಂಚ, ಒಲೆ ಎಲ್ಲ ಇರುವ ಆ ವ್ಯಾನಿನಲ್ಲಿ, ಸಮುದ್ರದ ದಂಡೆಯಲ್ಲಿ ಒಂದು ವಾರ ಮೌನ ಬೇಕಿತ್ತು. ಈ ಕಟ್ಟಡದವರೆಲ್ಲ ಬೀಗದ ಕೈ ಇಡುವುದು ಅವಳ ಮನೆಯಲ್ಲಿ. ಬೆಕ್ಕು ಬಿಟ್ಟುಹೋಗುವುದು, ಜಗಳವಾಡಿ ಬಂದು ಅಳುವುದೂ ಅಲ್ಲೇ. ಇಷ್ಟು ದಿನ ಇನ್ನೊಬ್ಬರ ದನಿಗಾಗಿಯೇ ಇದ್ದ ಈ ಕಿವಿಗಳು ಒಮ್ಮೆ ತನಗಾಗಿ ಏನು ಕೇಳಿಸಿಕೊಳ್ಳುತ್ತವೆ ಎಂದು ನೋಡುವ ಆಸೆ ಅವಳಿಗೆ. ಆದರೆ ಕಾರು ಊರು ದಾಟುವಷ್ಟರಲ್ಲಿ ಸ್ಲಾವ್ಕಾ ವ್ಯಾನಿನ ಕಿಟಕಿ ಪಕ್ಕದ ಮಂಚ ತನಗೆ ಎಂದಾಗಿತ್ತು. ಗೆಂಚೊ ಮೇಲಿನ ಮಂಚ ಹಿಡಿದಿದ್ದ. "ನನಗೆ ಒಲೆ ಪಕ್ಕ ಸಾಕಮ್ಮ, ಬೆಚ್ಚಗಿರುತ್ತೆ" ಎಂದಳು ಅಜ್ಜಿ. ನೆವ್ಯಾನಾ ಎಲ್ಲಿ ಮಲಗಬೇಕೆಂದು ಯಾರೂ ಹೇಳಲಿಲ್ಲ.

ಮಾರುವವನಾದ ಪ್ಲಾಮೆನ್ ಅಂಗಳದಲ್ಲಿ ವ್ಯಾನು ತೊಳೆದು ನಿಲ್ಲಿಸಿದ್ದ. ಸ್ಲಾವ್ಕಾ ಒಳಹೊಕ್ಕವಳೇ ಗೋಡೆಗೆ ಬೆರಳೊತ್ತಿದಳು. ಬೆರಳು ಕೇಕಿನೊಳಗೆ ಇಳಿದಂತೆ ಇಳಿಯಿತು.

"ಥೂ! ಒದ್ದೆ ಹಿಡಿದಿದೆ! ಇನ್ನೆರಡು ಮಳೆ ಬಂದ್ರೆ ಅಣಬೆ ಕಿತ್ತು ಸಾರು ಮಾಡ್ಬಹುದು. ಈ ವಾಸನೇಲಿ ನಾನಂತೂ ಮಲಗಲ್ಲಪ್ಪ."

ನೆವ್ಯಾನಾಳ ಎದೆಯೊಳಗೆ ಒಂದು ದೀಪ ಹೊತ್ತಿಕೊಂಡಿತು. ಒಂದು ಮಂಚ ಖಾಲಿ!

"ಟೈರು ನೋಡಿದ್ಯಾ ಗೆಂಚೊ?" ಎಂದಳು ಆಸೆಯಿಂದ.

"ನೋಡ್ದೆ. ಮೇಲೆ ಚೆನ್ನಾಗಿವೆ, ಆದ್ರೆ ಪಕ್ಕದಲ್ಲೆಲ್ಲ ಬಿರುಕು. ನಮ್ಮಜ್ಜಿ ಹಿಮ್ಮಡಿ ಥರ."

"ನನ್ನ ಹಿಮ್ಮಡಿ ಸುದ್ದಿ ನಿನಗ್ಯಾಕೋ?" ಎಂದಳು ಅಜ್ಜಿ.

"ಮೇಲಿನ ಮಂಚದ ಹತ್ರ ಛಾವಣಿ ಸೋರಿದ ಕಲೆ ಇದೆ, ಅದನ್ನೂ ನೋಡು" ಎಂದು ನೆವ್ಯಾನಾ ಬಾಡಿಗೆ ಮನೆ ತೋರಿಸುವವಳಂತೆ ಕೈಚಾಚಿದಳು. "ಒಲೆಗೆ ಹೋಗೋ ಗ್ಯಾಸ್ ಪೈಪು ಒಣಗಿ ಬಿರುಸಾಗಿದೆ, ಮುಟ್ಟಿದ್ರೆ ಮುರಿಯೋ ಹಾಗಿದೆ. ಅಜ್ಜಿ, ನೀವು ಒಲೆ ಪಕ್ಕ ಅಂದ್ರಲ್ಲ?"

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

ಪ್ಲಾಮೆನ್ ನೆವ್ಯಾನಾಳನ್ನು ಪಕ್ಕಕ್ಕೆ ಕರೆದ. "ಅಮ್ಮಾ, ನೀವು ಕೊಳ್ಳೋಕೆ ಬಂದೋರೋ, ನನ್ನ ಮಾನ ಕಳೆಯೋಕೆ ಬಂದೋರೋ?"

"ಕೊಳ್ಳೋಕೇ ಕಣಪ್ಪ. ಪೈಪು ಬದಲಾಯಿಸ್ಕೋತೀನಿ, ಟೈರು ಹಾಕಿಸ್ಕೋತೀನಿ. ನೀನು ಸುಮ್ನಿರು."

ತುಕ್ಕು ನೋಡಲು ಗೆಂಚೊ ಬೆನ್ನ ಮೇಲೆ ಮಲಗಿ ವ್ಯಾನಿನ ಕೆಳಗೆ ತೂರಿಕೊಂಡ. ಅಷ್ಟರಲ್ಲಿ ಅಜ್ಜಿಗೆ ತಂಬಿಗೆಯ ನೆನಪಾಯಿತು. ಹೊರಡುವವರ ಮುಂದೆ ನೀರು ಚೆಲ್ಲಬೇಕು, ದಾರಿ ನೀರಿನಂತೆ ಸರಾಗವಾಗಬೇಕು. "ಒಳ್ಳೇದಾಗ್ಲಿ ಮಗಳೇ!" ಎಂದು ವ್ಯಾನಿನ ಹೊಸ್ತಿಲೊಳಗೆ ತಂಬಿಗೆ ಬಗ್ಗಿಸಿದಳು. ನೀರು ನೆಲದ ಮೇಲೆ ಒಂದು ಕ್ಷಣವೂ ನಿಲ್ಲದೆ ಮಾಯವಾಯಿತು. ಕೆಳಗಿನಿಂದ ಕಿರುಚಾಟ ಕೇಳಿತು.

"ಅಜ್ಜೀ! ನಾನಿಲ್ಲಿ ಮಲಗಿರೋದು ಸ್ನಾನಕ್ಕಲ್ಲ!"

ಹೊಸ್ತಿಲ ಹಲಗೆ ಪೂರ್ತಿ ಕೊಳೆತಿತ್ತು. ಒದ್ದೆ ಬೆಕ್ಕಿನಂತೆ ಹೊರಬಂದ ಗೆಂಚೊ ತೀರ್ಪು ಕೊಟ್ಟ: "ಇದರಲ್ಲಿ ಮಲಗೋದಕ್ಕಿಂತ ಶವಪೆಟ್ಟಿಗೆ ವಾಸಿ. ಅದರ ತಳ ಗಟ್ಟಿ ಇರುತ್ತೆ."

ಮೂರೂ ಜಾಗ ಖಾಲಿ! ಇನ್ನು ತಡಮಾಡಿದರೆ ಇವರು ಕೊಳ್ಳಲೂ ಬಿಡುವುದಿಲ್ಲ ಎಂದು ನೆವ್ಯಾನಾ ಪ್ಲಾಮೆನ್‌ನ ಕೈಯಲ್ಲಿ ಹಣವಿಟ್ಟು, ಕೈಕುಲುಕಿ, ಬೀಗದ ಕೈ ಕಿತ್ತುಕೊಂಡಳು. ಪ್ಲಾಮೆನ್ ಹಣ ಜೇಬಿಗಿಳಿಸಿ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ.

ಮೂವರೂ ಬೇಲಿಯ ಬಳಿ ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು. ನೆವ್ಯಾನಾ ತೆರೆದ ಬಾಗಿಲಲ್ಲಿ ಕೂತಳು. ಆ ಕೊಳೆತ ವಾಸನೆಯೂ ಅವಳಿಗೆ ಹಿತವಾಗಿತ್ತು. ಯಾರೂ ಬಾರದ ಒಂದು ಜಾಗ ಕೊನೆಗೂ ಅವಳದಾಗಿತ್ತು.

ಗೆಂಚೊ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ನೋಡು ನೆವ್ಯಾನಾ, ಗಾಡಿ ಚೆನ್ನಾಗಿದ್ದಿದ್ರೆ ಒಂದೆರಡು ದಿನ ಜೊತೆಗಿದ್ದು ವಾಪಸ್ ಬರೋಣ ಅಂತಿದ್ವಿ. ಆದ್ರೆ ಇಂಥದ್ರಲ್ಲಿ ನಿನ್ನೊಬ್ಳನ್ನೇ ಬಿಟ್ಟು ಬರೋಕಾಗುತ್ತಾ?"

"ಆಗುತ್ತೆ! ಎಂಜಿನ್ ಗಟ್ಟಿಯಾಗಿದೆ, ಮೆಕ್ಯಾನಿಕ್ ಹತ್ರ ಮೊದ್ಲೇ ತೋರಿಸಿದ್ದೀನಿ!"

"ಧೈರ್ಯ ತೋರಿಸ್ಕೊಳ್ತಿದ್ದಾಳೆ, ಪಾಪ" ಎಂದಳು ಸ್ಲಾವ್ಕಾ. "ನಾವು ಕಾರಲ್ಲಿ ಹಿಂದೇನೇ ಬರ್ತೀವಿ. ಟೆಂಟು ನಿನ್ನ ಬಾಗಿಲೆದುರೇ ಹಾಕ್ತೀವಿ. ನೆಲ ಕುಸಿದ್ರೆ ಕೂಗು ಸಾಕು. ಐದನೇ ಮಹಡಿಯೋರಿಗೂ ಫೋನ್ ಮಾಡ್ದೆ, ಅವರೂ ಬರ್ತಾರಂತೆ. ಮರಗೆಲಸ ಬರುತ್ತಲ್ಲ ಅವರಿಗೆ."

ನೆವ್ಯಾನಾಳ ಕಣ್ಣು ತುಂಬಿ ಬಂತು. ಅದನ್ನು ಕಂಡ ಸ್ಲಾವ್ಕಾ ಓಡಿಬಂದಳು.

"ಅಳಬೇಡ್ವೇ ಹುಚ್ಚಿ" ಎಂದು ಅಪ್ಪಿಕೊಂಡಳು. "ಒಂದು ವಾರ ಯಾಕೆ, ತಿಂಗಳು ಪೂರ್ತಿ ಇರ್ತೀವಿ ನಿನ್ನ ಜೊತೆ!"